ಹಿಮದ ಪಾದರಕ್ಷೆ ಆರಿಸಿದ ಸಂಜೆ

ಹುಬ್ಬಳ್ಳಿಯ ದುರ್ಗದ ಬೈಲಿನ ಹಿಂದಣ ಓಣಿಯಲ್ಲಿರುವ ಆ ಆಟದ ಸಾಮಾನಿನ ಅಂಗಡಿಗೆ ಒಂದು ಅಟ್ಟವಿದೆ. ಅದಕ್ಕೆ ಹತ್ತುವ ಮೆಟ್ಟಿಲು ಏಣಿಗಿಂತ ಸ್ವಲ್ಪವೇ ಮೇಲು. ಒಬ್ಬರು ಹತ್ತುತ್ತಿರುವಾಗ ಇನ್ನೊಬ್ಬರು ಇಳಿಯುವಂತಿಲ್ಲ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಮೊಮ್ಮಗಳು ಮುಂದೆ, ನಾನು ನಡುವೆ, ಅಂಗಡಿಯ ಯಜಮಾನರು ನನ್ನ ಬೆನ್ನಿಗೆ ಅಂಗೈ ಆನಿಸಿಕೊಂಡು ಹಿಂದೆ, ಹೀಗೆ ಮೂವರೂ ಹತ್ತಿದೆವು. ನನ್ನ ಮೊಣಕಾಲುಗಳ ಸ್ಥಿತಿಯಲ್ಲಿ ಹತ್ತುವುದು ಹೇಗೋ ನಡೆಯುತ್ತದೆ. ಇಳಿಯುವುದು ಮಾತ್ರ ಪರಾಧೀನ. ಒಂದು ಗಟ್ಟಿ ಪೆಟ್ಟಿಗೆಯ ಮೇಲೆ ಕುಳಿತು ಉಸಿರು ಹತೋಟಿಗೆ ಬಂದ ಮೇಲೆ ಸುತ್ತ ನೋಡಿದೆ. ತಲೆಗೆ ತಾಗುವಂಥ ಸೂರು, ಗೋಡೆಯುದ್ದಕ್ಕೂ ಕ್ರಿಕೆಟ್ ಬ್ಯಾಟುಗಳು, ಕೇರಂ ಹಲಗೆಗಳು, ಹಲಗೆ ಹೊಡೆದು ಮುಚ್ಚಿದ ಒಂದೇ ಒಂದು ಕಿಟಕಿ. ಬಂದ ಕೆಲಸ ಮುಗಿಯುವವರೆಗೆ ಇಲ್ಲಿಂದ ಬಿಡುಗಡೆಯಿಲ್ಲವೆಂದು ಮನಸ್ಸಿಗೆ ಬಂತು.

ಬಂದ ಕೆಲಸವೆಂದರೆ ಮೊಮ್ಮಗಳಿಗೆ ಹಿಮದ ಮೇಲೆ ಹಾಕಿಯಾಟ ಆಡಲು ಬೇಕಾಗುವ ಸ್ಕೇಟು ಬೂಟು ಆರಿಸುವುದು. ಒಂಬತ್ತನೆಯ ಇಯತ್ತೆಯ ಆ ಹುಡುಗಿ ಚಿಕ್ಕಂದಿನಿಂದ ಗಾಲಿಯ ಸ್ಕೇಟು ಕಟ್ಟಿಕೊಂಡು ಸಿಮೆಂಟಿನ ಅಂಗಳದಲ್ಲಿ ಹಾಕಿಯಾಟ ಆಡಿ ಬೆಳೆದವಳು. ಆ ಆಟದ ಬಲದಿಂದಲೇ ಲಡಾಖದ ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುವ ಶಿಬಿರಕ್ಕೆ ಅವಳಿಗೆ ಕರೆ ಬಂದಿತ್ತು. ನಮ್ಮ ಊರಿನಲ್ಲಿ ಹಿಮವೆಂದರೆ ಕಬ್ಬಿನ ಹಾಲಿನ ಗಾಡಿಯವನು ಗೋಣಿತಾಟಿನಲ್ಲಿ ಸುತ್ತಿಟ್ಟುಕೊಳ್ಳುವ ಬರ್ಫದ ಗಡ್ಡೆ. ನಾನಾದರೋ ಮಠದ ಪಾಠಶಾಲೆಯಲ್ಲಿ ಕಲಿತು, ಅನಂತರ ಧಾರವಾಡದಲ್ಲಿ ಕಲಿಸುತ್ತ, ಹಿಮವತ್ಪರ್ವತದ ವರ್ಣನೆಗಳಿಗೆ ಜೀವಮಾನವೆಲ್ಲ ಅರ್ಥ ಹೇಳಿದವನು. ಹಿಮವನ್ನು ಕಣ್ಣಿನಿಂದ ಕಂಡವನಲ್ಲ. ನನ್ನ ವಂಶದ ಒಂದು ಜೀವ ಅದರ ಮೇಲೆ ನಿಲ್ಲಲಿದೆ ಎಂಬುದು ನನಗೆ ಶಿವನ ಕೃಪೆಯೆಂದೇ ತೋರಿತ್ತು.

ಆದರೆ ಒಂದು ತೊಡಕಿತ್ತು. ಮಳೆಗಾಲದಲ್ಲಿ ಅವಳು ಆಡುತ್ತ ಬಿದ್ದು ಬಲಗಾಲಿನ ಹರಡು ಉಳುಕಿತ್ತು. ಗಾಲಿಯ ಸ್ಕೇಟು ಅವಳ ಕಾಲಿಗೆ ದೊಡ್ಡದಾಗಿದ್ದುದೇ ಅದಕ್ಕೆ ಕಾರಣ. ನಮ್ಮ ಕಡೆ ಬೆಳೆಯುವ ಮಕ್ಕಳಿಗೆ ಅಳತೆಗೆ ಸರಿಯಾದ ಪಾದರಕ್ಷೆ ಕೊಳ್ಳುವ ರೂಢಿಯೇ ಇಲ್ಲ. ಎರಡು ವರ್ಷ ಬರಲಿ ಎಂದು ದೊಡ್ಡದನ್ನೇ ತಂದು, ಬೆರಳ ತುದಿಗೆ ಅರಳೆ ತುರುಕಿ ತೊಡಿಸುತ್ತೇವೆ. ಚಪ್ಪಲಿಗೆ ನಡೆಯುವ ಈ ಲೆಕ್ಕಾಚಾರ ಸ್ಕೇಟಿಗೆ ನಡೆಯಲಿಲ್ಲ. ಬಿದ್ದ ಮೇಲೆ ವೈದ್ಯರು, ನೋವು ಪೂರ್ಣ ಹೋಗುವ ತನಕ ಆಟ ಕೂಡದು, ಮತ್ತೊಮ್ಮೆ ಉಳುಕಿದರೆ ಕಾಲು ಮೊದಲಿನಂತಾಗುವುದಿಲ್ಲ ಎಂದಿದ್ದರು. ನೋವು ಹೋಗಿದೆಯೆಂದು ಅವಳು ಎಲ್ಲರಿಗೂ ಹೇಳಿದ್ದಳು. ನಾವು ಅಂಗಡಿಗೆ ಬಂದ ಮರುದಿನ ಬೆಳಿಗ್ಗೆಯೇ ಅವಳ ರೈಲು. ಮಗನಿಗೆ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಪಾಳಿ, ಸೊಸೆಗೆ ತನ್ನ ಸಾಲೆಯಲ್ಲಿ ಪರೀಕ್ಷೆಯ ಕೆಲಸ. ಹೊರಡುವಾಗ ಸೊಸೆ ಬಾಗಿಲಲ್ಲಿ ನಿಂತು ಹೇಳಿದ್ದಳು:

"ಮಾವಾರ, ನೀವು ಕಣ್ಣಾರೆ ನೋಡಿ ಆರಸ್ರಿ. ಆಕಿ ಎಲ್ಲಾದಕ್ಕೂ ಛಲೋ ಐತಿ ಅಂತಾಳ. ಕಾಲಿಗೆ ಒಂದೀಟು ನೋವು ಆದ್ರೂ ನಾ ಕಳಸೂದಿಲ್ಲ. ನೀವು ಸರಿ ಐತಿ ಅಂದ್ರ ಮಾತ್ರ ಸರಿ."

ಈ ಮಾತಿನ ಭಾರ ಹೊತ್ತುಕೊಂಡೇ ನಾನು ಆ ಮೆಟ್ಟಿಲು ಹತ್ತಿದ್ದೆ.

ಅಂಗಡಿಯ ಯಜಮಾನರು ನನ್ನ ವಯಸ್ಸಿಗೆ ಸಮೀಪದ ಮುಸಲ್ಮಾನ ಗೃಹಸ್ಥರು. ಅವರ ಮಗ ನನ್ನಲ್ಲಿ ಕನ್ನಡ ಕಲಿತವನಾದ್ದರಿಂದ ನನ್ನನ್ನು ಗುರುಗಳೆಂದೇ ಕರೆಯುತ್ತಾರೆ. ಹಿಮದ ಸ್ಕೇಟು ಅವರೂ ಹಿಂದೆ ಮಾರಿದವರಲ್ಲ. ನಮಗಾಗಿ ದಿಲ್ಲಿಯ ವ್ಯಾಪಾರಿಯಿಂದ ಮೂರು ಜೊತೆ ತರಿಸಿದ್ದರು. ಬೇಡವಾದವನ್ನು ಅಂದೇ ಸಂಜೆಯ ಪಾರ್ಸೆಲ್ಲಿಗೆ ಹಿಂದಿರುಗಿಸಬೇಕಾಗಿತ್ತು.

"ನಾನೂ ಬರ್ಫದ ಮ್ಯಾಲೆ ನಿಂತಾಂವ ಅಲ್ರಿ ಗುರುಗಳ," ಎಂದು ನಗುತ್ತ ಅವರು ಮೊದಲನೆಯ ಜೊತೆ ಬಿಚ್ಚಿದರು. "ದಿಲ್ಲಿ ಸೇಠ್ ಫೋನಿನ್ಯಾಗ ಹೆಂಗ ಹೇಳ್ಯಾನೋ ಹಂಗ ನೋಡೂಣು."

ಕರಿಯ ಗಡುಸು ಬೂಟು, ಅದರ ಅಡಿಯಲ್ಲಿ ಉದ್ದಕ್ಕೂ ಉಕ್ಕಿನ ಅಲಗು. ಮೊಮ್ಮಗಳು ರಬ್ಬರಿನ ಹಾಸಿನ ಮೇಲೆ ನಿಂತು, ಹಲಗೆಗಳನ್ನು ಜೋಡಿಸಿದ ಕಬ್ಬಿಣದ ಚೌಕಟ್ಟನ್ನು ಹಿಡಿದುಕೊಂಡಳು. ಒಂದು ಹೆಜ್ಜೆ ಎತ್ತಿದಾಗ ಬೂಟು ನೆಲದಲ್ಲೇ ಉಳಿದು ಹಿಮ್ಮಡಿ ಮಾತ್ರ ಮೇಲೆದ್ದದ್ದು ನಮಗೆಲ್ಲ ಕಂಡಿತು.

"ಇದು ಬ್ಯಾಡವಾ," ಎಂದರು ಯಜಮಾನರು. "ಇದರಾಗ ನೀ ಒಬ್ಬಾಕಿನ ಅಲ್ಲ, ನಿನ್ನ ಗೆಳತೀನೂ ಹಿಡೀತಾಳ."

ಎರಡನೆಯದು ಹಾಗಿರಲಿಲ್ಲ. ಒಳಗೆ ಹೋಗಲು ಕಾಲು ಬಹಳ ಪ್ರಯಾಸಪಟ್ಟಿತು. "ಛಲೋ ಐತ್ರಿ," ಎಂದಳು. ಮೂರನೆಯದು ಅಷ್ಟೇ ಉದ್ದ, ಅಗಲ ಕೊಂಚ ಹೆಚ್ಚು. ಅದಕ್ಕೂ "ಛಲೋ ಐತ್ರಿ," ಎಂದಳು. ಎರಡಕ್ಕೂ ಒಂದೇ ಮುಖ, ಒಂದೇ ಧ್ವನಿ. ಬೇರೆ ಬೇರೆ ಅಳತೆಯ ಎರಡು ಬೂಟುಗಳು ಒಂದೇ ಕಾಲಿಗೆ ಅಷ್ಟೇ ಸರಿಯಾಗಿ ಹೇಗೆ ಕೂಡಲು ಸಾಧ್ಯವೆಂದು ನನಗೆ ತಿಳಿಯಲಿಲ್ಲ.

ಯಜಮಾನರು ಹೇಳಿದರು: "ಮತ್ತ ಎರಡನೇದು ಹಾಕ್ಕೋ. ಲೇಸು ಕಟ್ಟಬ್ಯಾಡ. ಕಾಲು ಪೂರಾ ಮುಂದ ಸರಸಿ ನಿಂದ್ರು. ಹಿಮ್ಮಡಿ ಹಿಂದ ಒಂದು ಬಟ್ಟು ಹೋಗಬೇಕು. ಎರಡು ಹೋದ್ರ ದೊಡ್ಡದು, ಒಂದೂ ಹೋಗದಿದ್ರ ಸಣ್ಣದು. ಹೆಣ್ಣುಮಕ್ಕಳ ಕಾಲು ನಾ ಮುಟ್ಟೂದಿಲ್ರಿ ಗುರುಗಳ, ಮನಿಯವರ ಕೈಲೇನ ನೋಡಸ್ತೀನಿ. ನೀವ ಬಟ್ಟು ಇಟ್ಟು ನೋಡ್ರಿ."

ನಾನು ಪೆಟ್ಟಿಗೆಯಿಂದ ಬಾಗಿ ಕೈ ಚಾಚಿದೆ. ಅವಳು ಚಟಕ್ಕನೆ ಕಾಲು ಹಿಂದೆಳೆದುಕೊಂಡಳು. ಅಲಗು ಹಾಸಿನಲ್ಲಿ ಗೀರಿದ ಸಪ್ಪಳವಾಯಿತು.

"ಬ್ಯಾಡ್ರಿ ಅಜ್ಜಾ! ನೀವು ನನ್ನ ಕಾಲು ಮುಟ್ಟಬಾರದು."

ನಮ್ಮ ಮನೆಯಲ್ಲಿ ಹಿರಿಯರು ಕಿರಿಯರ ಕಾಲು ಮುಟ್ಟುವುದಿಲ್ಲ. ಮುಟ್ಟಿದರೆ ಕಿರಿಯರ ಆಯುಷ್ಯಕ್ಕೆ ಕುಂದೆಂದು ಅವಳು ಮಾತು ಕಲಿಯುವ ವಯಸ್ಸಿನಲ್ಲೇ ಕೇಳಿಸಿಕೊಂಡದ್ದು ನನ್ನ ಬಾಯಿಂದ. ನಾನು ಮೆಲ್ಲಗೆ ಸಮಾಧಾನ ಹೇಳಲು ನೋಡಿದೆ.

"ಮಠದ ಮರಿಸ್ವಾಮಿಗಳು ನಮ್ಮ ಮನಿಗೆ ಬಂದಾಗ ಪಾದಾ ತೊಳದೆ, ನೆನಪೈತಿಲ್ಲ? ಅವರು ನಿನಕಿಂತಾ ಸಣ್ಣವರು."

"ಅವರು ಸ್ವಾಮಿಗೋಳ್ರಿ ಅಜ್ಜಾ. ನಾ ಏನು ಸ್ವಾಮಿನೇನ್ರಿ? ಮ್ಯಾಲೆ ಬೂಟ ಬ್ಯಾರೆ ಹಾಕ್ಕೊಂಡೀನಿ."

ಯಜಮಾನರು ನಕ್ಕುಬಿಟ್ಟರು. "ಗುರುಗಳ, ನಿಮ್ಮ ಪಾಠ ನಿಮಗ ತಿರಗಿ ಒಪ್ಪಸಾಕತ್ತಾಳ."

ಪಾದಪೂಜೆಯಲ್ಲಿ ಪೂಜೆಗೊಳ್ಳುವುದು ವ್ಯಕ್ತಿಯಲ್ಲ, ಆ ಸ್ಥಾನ ಎಂಬುದೂ ನಾನೇ ಹೇಳಿಕೊಟ್ಟದ್ದು. ಅವಳು ತಪ್ಪು ಹೇಳಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ಅಟ್ಟದ ಒಂದೇ ಪಂಖ ನಿಧಾನವಾಗಿ ನಿಂತಿತು. ಮೆಟ್ಟಿಲ ಬಾಯಿಂದ ಬರುತ್ತಿದ್ದ ಬೆಳಕಷ್ಟೇ ಉಳಿಯಿತು. ಕೆಳಗೆ ಗಿರಾಕಿಯೊಬ್ಬರು ಕೂಗಿದ್ದರಿಂದ ಯಜಮಾನರು, "ನೀವು ನೋಡಿಕೋತ ಇರ್ರಿ, ಪಾರ್ಸಲ್‌ದಾಂವ ಬರೂ ಹೊತ್ತಾತು," ಎಂದು ಇಳಿದುಹೋದರು. ರಬ್ಬರು, ಹೊಸ ಬೂಟಿನ ಅಂಟು, ಮುಚ್ಚಿದ ಗಾಳಿ ಎಲ್ಲ ಸೇರಿ ಎದೆಯ ಮೇಲೆ ಕುಳಿತಂತಾಯಿತು. ನನ್ನ ಸಂಜೆಯ ಲಿಂಗಪೂಜೆಯ ಹೊತ್ತು ಸಮೀಪಿಸುತ್ತಿತ್ತು. ಏಳಬೇಕೆಂದರೆ ಇಳಿಸುವವರಿಲ್ಲ. ಕೂಡಬೇಕೆಂದರೆ ಕುಳಿತು ಮಾಡುವುದೇನೂ ಇಲ್ಲ. ಎದುರಿಗೆ ಅವಳು ಅಲಗಿನ ಮೇಲೆ ನಿಂತು, ಎರಡೂ ಕೈಯಿಂದ ಚೌಕಟ್ಟು ಹಿಡಿದು, ತನ್ನ ಬೂಟಿನ ತುದಿಯನ್ನೇ ನೋಡುತ್ತಿದ್ದಳು.

"ಕೈ ಇಡಾಕ ಬಿಡು ತಂಗಿ. ನಿಮ್ಮಮ್ಮಗ ನಾ ಮಾತು ಕೊಟ್ಟೇನಿ."

"ನಾ ಛಲೋ ಐತಿ ಅಂತ ಹೇಳಾಕತ್ತೇನಲ್ರಿ! ನನ್ನ ಮಾತಿನ ಮ್ಯಾಲೆ ಯಾರಿಗೂ ನಂಬಿಕಿನ ಇಲ್ಲ!"

ಆ ಧ್ವನಿ ಸೂರಿಗೆ ತಗುಲಿ ನನಗೇ ಮರಳಿತು. ಅವಳು ಎಂದೂ ನನ್ನೆದುರು ಹಾಗೆ ಕೂಗಿದವಳಲ್ಲ. ಅವಳು ಬಗ್ಗಿ ಲೇಸುಗಳನ್ನು ಬಿಗಿಯಾಗಿ ಕಟ್ಟಿದಳು, ಚೌಕಟ್ಟು ಬಿಟ್ಟು ನನ್ನ ಕಡೆಗೆ ಎರಡು ಹೆಜ್ಜೆ ಇಟ್ಟಳು. "ತಪ್ಪಾತ್ರಿ ಅಜ್ಜಾ," ಎಂದು ಕೈ ಜೋಡಿಸಿದಳು. ನಮ್ಮ ಮನೆಯಲ್ಲಿ ಹಿರಿಯರಿಗೆ ಎದುರಾಡಿದರೆ ಬಾಯಲ್ಲಿ ತಪ್ಪಾಯಿತೆಂದರೆ ಮುಗಿಯುವುದಿಲ್ಲ, ಬಾಗಿ ಪಾದ ಮುಟ್ಟಬೇಕು. ಬೇಡವೆನ್ನುವಷ್ಟರಲ್ಲಿ ಅವಳು ಮೊಣಕಾಲು ಮಡಿಸಿ ಬಾಗಿದ್ದಳು.

ಕೈ ನನ್ನ ಪಾದಕ್ಕೆ ತಲುಪಲಿಲ್ಲ. ನಡುವಿನಲ್ಲೇ "ಹಾ" ಎಂದು ಹಲ್ಲು ಕಚ್ಚಿದಳು. ಬಲಗಾಲು ಒಳಕ್ಕೆ ವಾಲಿತು. ನನ್ನ ತೊಡೆಯ ಮೇಲೆ ಎರಡೂ ಕೈ ಊರಿ ಹಾಗೆಯೇ ನಿಂತಳು. ಅವಳ ಭುಜ ಹಿಡಿದುಕೊಂಡೆ.

"ಬೂಟು ಬಿಗಿ ಆಗೇತ್ರಿ," ಎಂದಳು.

"ಹಂಗಾರ ಮೂರನೇದು ಹಾಕ್ಕೊಂಡು ಒಮ್ಮೆ ಬಗ್ಗು."

ಅವಳು ಮೂರನೆಯದರ ಕಡೆ ಕೈ ಚಾಚಲಿಲ್ಲ. ಸ್ವಲ್ಪ ಹೊತ್ತು ನನ್ನ ಪಂಚೆಯ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಿದ್ದು, ಆಮೇಲೆ ಹಾಸಿನ ಮೇಲೆ ಕುಳಿತು ಲೇಸು ಬಿಚ್ಚಿದಳು. ಕಾಲುಚೀಲ ಇಳಿಸಿದಾಗ ನನಗೆ ಯಾವ ಪರೀಕ್ಷೆಯೂ ಬೇಕಾಗಲಿಲ್ಲ. ಎಡಗಾಲಿನ ಹರಡಿನ ಎಲುಬು ಸ್ಪಷ್ಟವಾಗಿ ಕಾಣುತ್ತಿತ್ತು; ಬಲಗಾಲಿನದು ಬಾವಿನಲ್ಲಿ ಅಡಗಿತ್ತು.

"ಎಂದಿನಿಂದ?"

"ನೋವು ಹೋಗೇ ಇಲ್ರಿ." ಅವಳು ತಲೆ ಎತ್ತಲಿಲ್ಲ. "ಮುಂಜಾನೆ ಇರೂದಿಲ್ಲ. ಆಡಿದ ಮ್ಯಾಲೆ ಬರತೈತಿ. ಮಮ್ಮಿಗೆ ಹೇಳಬ್ಯಾಡ್ರಿ ಅಜ್ಜಾ. ಮುಂದಿನ ವರ್ಷ ಕರೀತಾರೋ ಇಲ್ಲೋ ಯಾರಿಗೆ ಗೊತ್ತು? ಬರ್ಫದ ಮ್ಯಾಲೆ ಒಮ್ಮೆ ನಿಂತು ಬರತೀನಿ, ಸಾಕು. ನೀವು ಸರಿ ಐತಿ ಅಂದ್ಬಿಡ್ರಿ. ನಿಮ್ಮ ಮಾತು ಯಾರೂ ದಾಟೂದಿಲ್ಲ."

ನನ್ನ ಮಾತನ್ನು ಯಾರೂ ದಾಟುವುದಿಲ್ಲ ಎಂಬುದನ್ನು ಒಂದು ಭಾಗ್ಯವೆಂದು ತಿಳಿದು ಬಾಳಿದವನು ನಾನು. ಆ ಕ್ಷಣದಲ್ಲಿ ಅದು ನಾಲ್ಕು ಕಡೆಯಿಂದಲೂ ಸುತ್ತಿಕೊಂಡಿತು. ಸರಿ ಎಂದರೆ ಸುಳ್ಳಾಗುತ್ತದೆ, ಅವಳ ಕಾಲು ಹೋಗುತ್ತದೆ. ಸರಿಯಲ್ಲ ಎಂದರೆ ಅವಳ ಹಿಮ ಹೋಗುತ್ತದೆ. ಮೌನವಾಗಿದ್ದರೆ ಸೊಸೆ ಬಾಗಿಲಲ್ಲೇ ಕೇಳುತ್ತಾಳೆ. ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗದ ಕರಡಿಗೆಯ ಮೇಲೆ ಕೈ ಇಟ್ಟುಕೊಂಡೆ. ಪಂಚಾಕ್ಷರಿ ನಾಲಗೆಗೆ ಬಂತು, ದಾರಿ ಮಾತ್ರ ತೋರಲಿಲ್ಲ.

"ಗುರುಗಳ, ನಿಮಗ ಯಾವುದು ಕಟ್ಟಲಿ?" ಕೆಳಗಿನಿಂದ ಯಜಮಾನರ ಕೂಗು. "ಉಳದಾವು ಒಯ್ಯಾಕ ಪಾರ್ಸಲ್‌ದಾಂವ ಬಂದು ನಿಂತಾನ್ರಿ."

"ತಡಿರಿ," ಎಂದೆ. ಅವಳಿಗೆ ಹೇಳಿದೆ: "ನಾನಾಗಿ ನಾ ಹೇಳೂದಿಲ್ಲ. ಆದ್ರ ನಿಮ್ಮಮ್ಮ ಕೇಳಿದ್ರ ನನ್ನ ಬಾಯಾಗ ಸುಳ್ಳು ಬರೂದಿಲ್ಲವಾ. ಆಕಿ ಕೇಳೂಕಿಂತಾ ಮೊದಲ ನೀನ ಹೇಳಿದ್ರ ಅದು ನಿನ್ನ ಮಾತು ಆಕ್ಕೈತಿ. ನಾ ಹೇಳಿದ್ರ ನನ್ನ ತೀರ್ಪು ಆಕ್ಕೈತಿ."

"ಎರಡೂ ಒಂದ ರೀ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಹೆಂಗಿದ್ರೂ ನಾ ಹೋಗೂದಿಲ್ಲ."

ಅವಳು ಬರಿಗಾಲಲ್ಲಿ ಎದ್ದು ಎರಡನೆಯ ಜೊತೆಯನ್ನು ಪೆಟ್ಟಿಗೆಯಲ್ಲಿ ಇಟ್ಟಳು. ಮೂರನೆಯದನ್ನು ಎತ್ತಿ, ಅಲಗಿನ ಮೇಲೆ ಹೆಬ್ಬೆರಳು ಆಡಿಸಿ, ಅದನ್ನೂ ಇಟ್ಟಳು. ಅಳತೆಗೆ ಸರಿಯಾಗಿ ಕೂಡುವ ಬೂಟನ್ನು ಬೆಳೆಯುವ ಕಾಲಿನವರು ಮುಂದಿನ ಚಳಿಗಾಲಕ್ಕೆಂದು ಕಾಯ್ದಿಡುವಂತಿಲ್ಲ; ಅಷ್ಟರಲ್ಲಿ ಅದು ಚಿಕ್ಕದಾಗಿರುತ್ತದೆ. ಅವಳು ಇದನ್ನು ನನಗಿಂತ ಮೊದಲೇ ಯೋಚಿಸಿದ್ದಳು. ಮೆಟ್ಟಿಲ ಬಾಯಿಗೆ ಹೋಗಿ ಬಗ್ಗಿ ಕೂಗಿದಳು:

"ಕಾಕಾ, ನಮಗ ದೊಡ್ಡದು ಕಟ್ರಿ!"

"ದೊಡ್ಡದಾ? ಹಿಮ್ಮಡಿ ಏಳತಿತ್ತಲ್ಲ ಅದು?"

"ಹೂನ್ರಿ. ಅದನ್ನ ಕಟ್ರಿ."

ಯಜಮಾನರು ಅರ್ಧ ಮೆಟ್ಟಿಲು ಹತ್ತಿ ಬಂದು ನನ್ನ ಮುಖ ನೋಡಿದರು. ಒಂದು ವರ್ಷದಲ್ಲಿ ಅವಳ ಕಾಲು ಆ ಬೂಟಿಗೆ ಸರಿಯಾಗಿ ಬೆಳೆದೀತೋ, ಮೀರಿ ಬೆಳೆದೀತೋ, ಇದ್ದಂತೆಯೇ ನಿಂತೀತೋ ಯಾರು ಬಲ್ಲರು? ಅದು ಅವಿವೇಕವೆಂದು ಬುದ್ಧಿ ಹೇಳಿತು. ಆದರೂ, "ಆಕಿ ಹೇಳಿದ್ದ ಕಟ್ರಿ," ಎಂದೆ. ಅವರು ಏನೂ ಕೇಳದೆ ಮೂರೂ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿಕೊಂಡು ಹೋದರು.

ಮೊಮ್ಮಗಳು ಮೇಲಿನ ಮೆಟ್ಟಿಲ ಮೇಲೆ ನನಗೆ ಬೆನ್ನು ಹಾಕಿ ಕುಳಿತು ಫೋನು ಹಚ್ಚಿದಳು.

"ಮಮ್ಮೀ," ಎಂದಳು. ಮೆಲ್ಲಗೆ ಶುರುಮಾಡಿದಳು. ಮಳೆಗಾಲದಿಂದ ಹಿಡಿದು ಹೇಳತೊಡಗಿದಳು. ನಡುನಡುವೆ ನಿಲ್ಲಿಸಿ ಆ ಕಡೆಯ ಮಾತು ಕೇಳುವಳು, "ಹೂಂ" ಎನ್ನುವಳು, ಮತ್ತೆ ಹೇಳುವಳು. ಕೆಳಗೆ ಪಾರ್ಸೆಲ್ಲಿನ ಗಾಡಿ ಸದ್ದು ಮಾಡಿ ಹೊರಟುಹೋಯಿತು. ಕರೆಂಟು ಬಂದಿರಲಿಲ್ಲ. ಪೂಜೆಯ ಹೊತ್ತು ಮೀರಿತ್ತು. ಅವಳನ್ನು ಎಬ್ಬಿಸದೆ ನನಗೆ ಇಳಿಯಲು ದಾರಿಯಿರಲಿಲ್ಲ. ಬೆನ್ನು ಗೋಡೆಗಾನಿಸಿ, ಕತ್ತಲಾಗುತ್ತಿದ್ದ ಆ ಅಟ್ಟದಲ್ಲಿ, ಅವಳ ಮಾತು ಮುಗಿಯುವವರೆಗೆ ಕುಳಿತೆ.