ಗುಲಾಬಿ ನೀರಿನ ಎಂಟನೆಯ ಪದ

ಅನುಸೂಯಾಬಾಯಿ ಹಾವಗೆಪ್ಪ ಮೂಲಗೆ, ವಯಸ್ಸು ನಲವತ್ತಾರು, ಭಾಲ್ಕಿ ತಾಲೂಕಿನ ಸಾಯಗಾಂವದವರು. ಗಂಡ ಹಾವಗೆಪ್ಪ ಜೋಳ ಬೆಳೆಯುವವರು, ಗಂಡುಮಕ್ಕಳು ಇಬ್ಬರು. ಮಗಳು ಶಿವಕಾಂತಾ ಒಂಬತ್ತನೆಯ ವಯಸ್ಸಿನಲ್ಲಿ ವಾಂತಿಭೇದಿಯಿಂದ ಒಂದೇ ಹಗಲಿನಲ್ಲಿ ತೀರಿಕೊಂಡಿದ್ದಳು. ಇದು ೧೯೪೮ರ, ಅಂದರೆ ಪೊಲೀಸ್ ಕಾರ್ಯಾಚರಣೆ ನಡೆದ ವರ್ಷದ ಲೆಕ್ಕ.

ಬೀಸುವ ಕಲ್ಲಿನ ಮುಂದೆ ಕೂತರೆ ಅವರ ಬಾಯಲ್ಲಿ ಪದ ತಾನಾಗಿ ಹುಟ್ಟುತ್ತಿತ್ತು ಎಂದು ಜನ ಹೇಳುತ್ತಾರೆ. ಅದು ಸುಳ್ಳು. ಒಂದು ಪದವನ್ನು ಅವರು ನಾಲ್ಕು ಸೇರು ಜೋಳ ಬೀಸಿ ಮುಗಿಯುವವರೆಗೆ ತಿದ್ದುತ್ತಿದ್ದರು. ತಿದ್ದಿ ಮುಗಿಸಿದ ಮೇಲೆ ಯಾರಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ.

ಔರಾದದ ಗುಲಾಮ ರಸೂಲ ಆರೋಗ್ಯ ಖಾತೆಯ ಜವಾನ. ವಾಂತಿಭೇದಿ ಕಾಣಿಸಿದ ಊರಿನ ಬಾವಿಗೆ ಔಷಧದ ಹರಳು ಹಾಕುವುದು ಆತನ ಕೆಲಸ. ಹರಳು ಬಿದ್ದ ನೀರು ಬಣ್ಣ ತಿರುಗುತ್ತಿತ್ತು; ಹೆಂಗಸರು ಹೆದರಿ ಹಳ್ಳದ ಹೊಲಸು ನೀರಿಗೆ ಹೋಗುತ್ತಿದ್ದರು. ೧೯೪೬ರಲ್ಲಿ ಆತ ಅನುಸೂಯಾಬಾಯಿಯವರ ಅಂಗಳಕ್ಕೆ ಬಂದ.

"ಬಾಯೀ, ನಾ ಹೇಳಿದ್ರ ಓಡತಾರ್ರಿ. ನೀವು ಪದದಾಗ ಹೇಳ್ರಿ."

ಮಗಳನ್ನು ನೆನೆದು ಅವರು ಏಳು ಪದ ಕಟ್ಟಿದರು. ಏಳನೆಯದು ಹೀಗಿತ್ತು:

ಬಾವಿಗಿ ದವಾ ಬಿತ್ತ, ಬಣ್ಣ ಗುಲಾಬಾತ,
ಹೆದರದ ಕೊಡವ ತುಂಬವ್ವ, ನಿನ್ನ ಮನಿ
ಕಂದಗ ಕಾವಲ ಆ ನೀರ.

ಗುಲಾಮ ರಸೂಲ ಕೇಳಿ ತಲೆದೂಗಿದ. "ಚಲೋ ಅದರಿ. ಆದ್ರ ಬಣ್ಣ ಗಾಢ ಬಂದ್ರ ಏನ್ ಮಾಡಬೇಕಂತ ಇನ್ನೊಂದ್ ಪದ ಸೇರಸ್ರಿ."

"ಏಳಕ್ಕ ಮುಗದದ. ಕಟ್ಟಿದ ಮನಿಗಿ ಮತ್ತೊಂದ್ ಬಾಗಲ ಕೊರೀಬ್ಯಾಡ," ಎಂದರು.

ಎರಡು ವರ್ಷದಲ್ಲಿ ಆ ಏಳು ಪದಗಳು ಬೀದರದ ಚಿದ್ರಿಯಿಂದ ಮನ್ನಳ್ಳಿಯವರೆಗೆ, ಅತ್ತ ಔರಾದದವರೆಗೆ ಬೀಸುವ ಕಲ್ಲುಗಳ ಮೇಲೆ ನಡೆದವು.

೧೯೪೮ರಲ್ಲಿ ಭಾರತದ ಸೈನ್ಯ ಬಂದು ಒಂದು ತಿಂಗಳಾಗಿತ್ತು. ಯಾರು ಯಾರ ಮನೆ ಸುಟ್ಟರು ಎಂಬ ಮಾತು ಊರೂರಿಗೂ ಹರಿದಿತ್ತು. ನಿಜಾಮನ ಕಡೆಯ ರಜಾಕಾರರು ಬಾವಿಗೆ ವಿಷ ಹಾಕುತ್ತಾರೆ ಎಂಬ ಮಾತೂ ಅದರ ಜೊತೆಗಿತ್ತು. ಆಗ ಔರಾದ ತಾಲೂಕಿನ ನನ್ನ ಊರಿನಲ್ಲಿ ವಾಂತಿಭೇದಿಗೆ ನಾಲ್ವರು ಸತ್ತರು. ಊರಿನ ಹೆಸರು ಬರೆಯುವುದಿಲ್ಲ. ಗುಲಾಮ ರಸೂಲ ಬರಬಾರದಿತ್ತು, ಆದರೆ ಬಂದ. ಗಲಾಟೆಯಲ್ಲಿ ಆತನ ಮನೆ ಲೂಟಿಯಾಗಿ ಅಳತೆಯ ಕಟೋರಿ ಹೋಗಿತ್ತು. ಮುಷ್ಟಿಯಿಂದಲೇ ಹರಳು ಸುರಿದ. ಬಾವಿಯ ನೀರು ಕಪ್ಪುನೇರಳೆಯಾಯಿತು.

"ಇದು ಪದದಾಗಿನ ಬಣ್ಣ ಅಲ್ಲ!" ಎಂದು ಮೊದಲು ಕೂಗಿದವಳು ನಾನು. ನನಗಾಗ ಹದಿನೆಂಟು.

ಅನುಸೂಯಾಬಾಯಿ ಹಾಡಲೆಂದು ಬಂಡಿಯಲ್ಲಿ ಹಿಂದಿನಿಂದ ಬರುತ್ತಿದ್ದರು. ಅವರು ಇಳಿಯುವ ಹೊತ್ತಿಗೆ ಗುಲಾಮ ರಸೂಲನನ್ನು ಬಾವಿಯ ರಾಟೆಯ ಕಂಬಕ್ಕೆ ಕಟ್ಟಿದ್ದರು. ಮೂವರ ಕೈಯಲ್ಲಿ ಕೊಡಲಿಗಳಿದ್ದವು.

"ದೂರ ನಿಂದರ್ರಿ, ಬಾಯೀ," ಎಂದರು ಊರಿನ ಹಿರಿಯ ಶಿವರಾಜಪ್ಪ. "ನಿಮ್ಮ ಪದ ಗುಲಾಬಿ ಅಂತದ. ಇದು ನೇರಳಿಹಣ್ಣ ಹಿಂಡಿಧಾಂಗ ಅದ. ಇಂವ ಇಸ ಹಾಕ್ಯಾನ."

"ಜಾಸ್ತಿ ಬಿತ್ತರಿ ಬಾಯೀ, ಕಟೋರಿ ಇರಲಿಲ್ಲ," ಎಂದ ಗುಲಾಮ ರಸೂಲ. ತುಟಿ ಒಡೆದಿತ್ತು.

ಮುದುಕಿ ರುಕ್ಮಿಣಿಬಾಯಿ ನಕ್ಕಳು. "ಎರಡ್ ವರ್ಷ ಹಾಡಿ ನಮ್ಮನ್ನ ಕುಣಿಸಿದೆಲ್ಲವ್ವಾ. ಈಗ ನಿನ್ನ ಪದಾನೇ ಇವನ ಮ್ಯಾಲ ಸಾಕ್ಷಿ ಹೇಳ್ಲಾಕತ್ತದ!"

ಅನುಸೂಯಾಬಾಯಿ ಸೆರಗು ಬಿಗಿದರು. "ಹೌದು. ಪದ ನಂದು, ತಪ್ಪೂ ನಂದು. ಬಣ್ಣ ಗಾಢ ಬಂದ್ರ ಹ್ಯಾಂಗ ಅಂತ ಸೇರಸು ಅಂದಿದ್ದ ಇಂವ. ಸೊಕ್ಕಿಲೆ ಒಲ್ಲೆ ಅಂದೆ. ಕೊಡಲಿ ಎತ್ತೋರು ಮೊದಲ ನನ್ನ ಮ್ಯಾಲ ಎತ್ರಿ."

ಕೊಡಲಿ ಹಿಡಿದವರು ಶಿವರಾಜಪ್ಪನವರತ್ತ ತಿರುಗಿದರು.

"ಏನ್ ಮಾಡಂತೀರಿ?" ಎಂದರು ಶಿವರಾಜಪ್ಪ.

"ಸೇದಿ ಚೆಲ್ಲಬೇಕು. ಸೆಲಿ ನೀರು ಕೂಡಿದ್ರ ಬಣ್ಣ ಇಳೀತದ," ಎಂದರು ಅನುಸೂಯಾಬಾಯಿ.

"ಹೊತ್ತು ನೆತ್ತಿಗಿ ಬರೋತನ ಟೈಮು. ಇಳೀದಿದ್ರ ನಾ ಇವರನ್ನ ತಡಿಯಂಗಿಲ್ಲ."

ಅನುಸೂಯಾಬಾಯಿ ಒಬ್ಬರೇ ಹಗ್ಗ ಹಿಡಿದರು. ಮೊದಲ ಕೊಡ ಮಸಿಯಂತಿತ್ತು. ಆರನೆಯ ಕೊಡಕ್ಕೆ ಅಂಗೈ ಸುಲಿಯಿತು. ಹಾಡದೆ ಸೇದುತ್ತಿದ್ದವರು ಆಗ ಏದುಸಿರಿನಲ್ಲೇ ಹಾಡಲು ಶುರುಮಾಡಿದರು. ತಿದ್ದಲು ಕಲ್ಲಿರಲಿಲ್ಲ, ಜೋಳವಿರಲಿಲ್ಲ:

ನೇರಳಿ ಬಣ್ಣ ಬಂದ್ರ ನೀರ ಸೇದಿ ಚೆಲ್ಲವ್ವ,
ಸೆಲಿ ಉಕ್ಕಿ ಬಂದು ತಿಳಿಯಾಗಿ, ಗುಲಾಬಿ
ಕಾಣುವತನಕ ಹಗ್ಗ ಬಿಡಬ್ಯಾಡ.

ನಾನು ಹೋಗಿ ಹಗ್ಗದ ತುದಿ ಹಿಡಿದೆ. ಅವರು ನನ್ನತ್ತ ನೋಡಲಿಲ್ಲ. ಮೂರನೆಯ ಸಲ ಹಾಡಿದಾಗ ಹನ್ನೊಂದು ಹೆಂಗಸರು ಸೇದುತ್ತಿದ್ದರು. ನೀರು ಬದನೆಯ ಬಣ್ಣಕ್ಕೆ ಬಂತು. ನೆರಳು ಕಾಲಡಿಗೆ ಸರಿಯಿತು. ಕೊಡಲಿಯವನೊಬ್ಬ ಕಂಬದ ಹತ್ತಿರ ಹೋಗಿ ನಿಂತ. ನೀರು ಉಳ್ಳಾಗಡ್ಡಿ ಸಿಪ್ಪೆಯ ಬಣ್ಣಕ್ಕೆ ಬಂತು, ಇನ್ನೂ ಗುಲಾಬಿಯಾಗಿರಲಿಲ್ಲ.

"ಹೊತ್ತು ಆತು," ಎಂದ ಅವನು.

"ಸುಮ್ಮ ನಿಂದರೋ," ಎಂದಳು ರುಕ್ಮಿಣಿಬಾಯಿ. ತಾನೂ ಹಗ್ಗಕ್ಕೆ ಕೈ ಹಚ್ಚಿದ್ದಳು. "ಪದ ಮುಗದಿಲ್ಲ ಇನ್ನಾ."

ಮತ್ತೆ ಹದಿನಾಲ್ಕು ಕೊಡ. ಆಮೇಲೆ ಬಂದ ನೀರನ್ನು ಶಿವರಾಜಪ್ಪ ಹಿತ್ತಾಳೆ ಚೊಂಬಿನಲ್ಲಿ ಹಿಡಿದು ಬಿಸಿಲಲ್ಲಿ ಬಗ್ಗಿ ನೋಡಿದರು; ಗುಲಾಬಿಯಾಗಿತ್ತು. ಅನುಸೂಯಾಬಾಯಿ ಅದನ್ನು ಕಸಿದು ಅರ್ಧ ಕುಡಿದರು. ಉಳಿದರ್ಧವನ್ನು ಗುಲಾಮ ರಸೂಲನ ಬಾಯಿಗೆ ಹಿಡಿದರು. ಆತ ಕುಡಿದ. ಶಿವರಾಜಪ್ಪ ತಾವೇ ಕಟ್ಟು ಬಿಚ್ಚಿದರು.

ಆ ನೀರು ಕುಡಿದವರಲ್ಲಿ ಯಾರೂ ಸಾಯಲಿಲ್ಲ.

ಅನುಸೂಯಾಬಾಯಿ ೧೯೫೫ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದದ್ದು: ಗೂಟ ಸವೆದ ಒಂದು ಬೀಸುವ ಕಲ್ಲು. ಶಿವಕಾಂತಾಳ ಬೆಳ್ಳಿಯ ಕಾಲ್ಗಡಗ, ಒಂದೇ. ಗುಲಾಮ ರಸೂಲ ಕೊಟ್ಟ ಹೊಸ ಅಳತೆಯ ಕಟೋರಿ, ಜೋಡಿಯಲ್ಲಿ ಒಂದು. ಇನ್ನೊಂದು ಆತನ ಬಳಿ ಇತ್ತು. ಎರಡು ಸೀರೆ. ಸಂಜೆಯ ಸಾಲೆಯಲ್ಲಿ ಅಕ್ಷರ ಕಲಿತ ಮೇಲೆ ನಾನು ಅವರ ಬಾಯಿಂದ ಕೇಳಿ ಬರೆದುಕೊಂಡ ಎಂಟು ಪದ. ಎಂಟನೆಯದನ್ನು ಬಿಟ್ಟು ಏಳನೆಯದನ್ನು ಯಾರೂ ಹಾಡಕೂಡದು ಎಂಬ ಅಪ್ಪಣೆ.