ಮೇಷ್ಟರ ಫ್ರೆಂಚ್ ಕಾರು

ಈ ಕೊಲ್ಲಿ ದೇಶದ ಹವಲ್ಲಿಯ ಬೀದಿಗಳಲ್ಲಿ ಹಳೆಯ ಯುರೋಪಿನ ಕಾರು ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಶ್ರೀಮಂತರು ಹೊದಿಕೆ ಹೊದಿಸಿ ಸಾಕುವ ಕಾರುಗಳಲ್ಲ. ಒಂದು ಬಾಗಿಲಿನ ಬಣ್ಣ ಬೇರೆಯಾದ, ಸ್ಟಿಯರಿಂಗಿಗೆ ಟೇಪು ಸುತ್ತಿದ, ಸಂಸಾರಸ್ಥರ ಕಾರುಗಳು. ಫುಟ್‌ಪಾತ್ ಹತ್ತಿ ನಿಲ್ಲುವ ಈಗಿನ ದೈತ್ಯ ಗಾಡಿಗಳನ್ನು ಕಂಡರೆ ಮೈ ಉರಿಯುತ್ತದೆ.

ನಮ್ಮ ಕಟ್ಟಡದ ಕೆಳಗೇ ಅಂಥದೊಂದು ಇತ್ತು, ತಿಳಿನೀಲಿ ಫ್ರೆಂಚ್ ಕಾರು. ಒಂದನೇ ಮಹಡಿಯ ಈಜಿಪ್ಟಿನ ಮೇಷ್ಟರದು. ಮಂಡಿಯ ಆಪರೇಷನ್ನಿಗೆಂದು ಊರಿಗೆ ಹೊರಟಾಗ ಅವರು ನನ್ನ ಕೈ ಹಿಡಿದು, ಕಾರಿನ ಮೇಲೆ ಒಂದು ಕಣ್ಣಿಡಿ ಎಂದಿದ್ದರು. ನಿಶ್ಚಿಂತೆಯಿಂದ ಹೋಗಿ ಬನ್ನಿ ಎಂದು ಮಾತು ಕೊಟ್ಟೆ.

ಕೆಲವೇ ದಿನ, ಥೂ! ಧೂಳು ಕೂತ ಕಾರೆಂದರೆ ಈ ಜನಕ್ಕೆ ಕಸದ ತೊಟ್ಟಿ. ಗಾಜಿನ ಮೇಲೆ ಚಹಾ ಕುಡಿದೆಸೆದ ಕಪ್, ವೈಪರಿಗೆ ಸಿಕ್ಕಿಸಿದ ಡೈಪರ್, ಚಕ್ರಕ್ಕೆ ಉಗಿದ ಗುಟ್ಕಾ. ಎಲ್ಲಕ್ಕಿಂತ ಹೇಸಿಗೆಯೆಂದರೆ ಬಾನೆಟ್ಟಿನ ಮೇಲೆ ದಿನವೂ ಬೀಳುವ ಮೀನಿನ ಮುಳ್ಳು. ಇಲ್ಲಿಯ ಬಿಸಿಲಿಗೆ ಅದು ಬಣ್ಣಕ್ಕೇ ಅಂಟಿ ಗಬ್ಬು ನಾರುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ವಾಕರಿಸುತ್ತ ತೊಳೆದೆ. ಮರುದಿನ ಮತ್ತೆ ಮುಳ್ಳು! ಕೆಳಗಿನ ಮೊಬೈಲ್ ಅಂಗಡಿಯ, ನಮ್ಮೂರ ಕಡೆಯ ಬ್ಯಾರಿಗೆ ಬಾಯಿಗೆ ಬಂದಂತೆ ಬೈದೆ.

"ನಾವು ಇಲ್ಲಿ ಒಣ ಕುಬೂಸ್ ರೊಟ್ಟಿ ತಿನ್ನುದು ಅಣ್ಣ, ಮೀನು ಎಲ್ಲಿಂದ ಮಾರಾಯ್ರೆ?" ಅಂದ. ನಾನು ನಂಬಲಿಲ್ಲ.

ವಾಸನೆ ತಾಳಲಾರದೆ ಯಾರೋ ದೂರು ಕೊಟ್ಟರು. ಪುರಸಭೆಯವರು ಬಂದು, ಕಾರು ತೆಗೆಯದಿದ್ದರೆ ಎಳೆದೊಯ್ಯುತ್ತೇವೆಂದು ಸ್ಟಿಕ್ಕರ್ ಅಂಟಿಸಿ ಹೋದರು. ಕೀಲಿ ಮೇಷ್ಟರ ಬಳಿ, ಮೇಷ್ಟರು ಆಸ್ಪತ್ರೆಯ ಮಂಚದಲ್ಲಿ.

ಆ ಹೊಲಸು ಮನುಷ್ಯನನ್ನು ಹಿಡಿದೇ ಬಿಡುತ್ತೇನೆಂದು, ಒಂದು ಬೆಳಿಗ್ಗೆ ಆಫೀಸಿಗೆ ಹೊರಟವನು ಕಂಬದ ಹಿಂದೆ ನಿಂತೆ. ಬಂದವಳು ನನ್ನ ಹೆಂಡತಿ. ಕೈಯಲ್ಲಿ ತಟ್ಟೆ, ಹಿಂದೆ ಬೆಕ್ಕುಗಳ ದಂಡು.

"ಎಂತ ಅವಸ್ಥೆ ಮಾರಾಯ್ತಿ ಇದು!"

"ಪಾಪ ಅಲ್ವಾ ಅವು? ನೆಲಕ್ಕೆ ಹಾಕಿದ್ರೆ ಗಲೀಜಾಗ್ತದೆ. ಈ ಗುಜರಿಯನ್ನು ಯಾರು ಕೇಳ್ತಾರೆ ಅಂತ..."

ತಟ್ಟೆ ನೋಡಿದೆ. ಬಂಗುಡೆಯ ಮುಳ್ಳು. ಹಿಂದಿನ ರಾತ್ರಿ ಊಟದಲ್ಲಿ ನಾನೇ ಚಪ್ಪರಿಸಿ ಚೀಪಿ ಬಿಟ್ಟದ್ದು.

ಅದೇ ವಾರ ಪುರಸಭೆಯ ಲಾರಿ ಬಂತು. ನಾನೂ ನಮ್ಮ ಕಟ್ಟಡದ ಕಾವಲುಗಾರ ಹಾರಿಸನೂ ಅಂಗಲಾಚಿದೆವು. "ಖಲಾಸ್" ಎಂದು ಸರಪಳಿ ಬಿಗಿದು ಎಳೆದುಕೊಂಡು ಹೋದರು. ಕಾರು ನಿಂತಿದ್ದ ಜಾಗದಲ್ಲಿ ಬೆಕ್ಕುಗಳು ಊಟಕ್ಕೆ ಕಾಯುತ್ತ ಕೂತಿದ್ದವು.

ಸಂಜೆ ಮೇಷ್ಟರ ಫೋನು. ಈಗ ಕೋಲು ಹಿಡಿದು ನಡೆಯುತ್ತಾರಂತೆ, ಸದ್ಯದಲ್ಲೇ ಬರುತ್ತಾರಂತೆ. ಕಾರು ಹೇಗಿದೆ ಎಂದು ಕೇಳಿದರು.

"ಚೆನ್ನಾಗಿದೆ" ಅಂದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.