ಒಂದ್ಸಲ ಬಂದು ನೋಡಿ ಹೋಗ್ರಿ

ಹೆರಿಗೆ ಕೋಣೆಯಲ್ಲಿ ನಾನು ಯಾವ ಹಾಡು ಕೇಳಬೇಕು ಎಂಬುದರ ಬಗ್ಗೆ, ಹೆರುವ ನನ್ನೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಒಂದೊಂದು ಅಭಿಪ್ರಾಯವಿತ್ತು. ಕುರುಗೋಡಿನಲ್ಲಿರುವ ನನ್ನ ತಂಗಿ, ಕೊಳಲು ಕೇಳು, ಕೂಸು ಶಾಣ್ಯಾ ಆಗುತ್ತದೆ ಎಂದಳು. ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಹೆರಿಗೆಯ ವಿಷಯವನ್ನೆಲ್ಲ ಮೊಬೈಲಿನಲ್ಲಿ ನೋಡಿ ಪಂಡಿತಳಾಗಿದ್ದಳು. ಸಿರುಗುಪ್ಪದ ನಮ್ಮ ಪಕ್ಕದ ಮನೆಯ ಅಜ್ಜಿ, ಮಂತ್ರ ಹಚ್ಚು ಎಂದಳು. ನನ್ನ ಗಂಡ ಮಾತ್ರ, ಸಿನಿಮಾ ಹಾಡು ಕೇಳಿದರೆ ನೋವು ಮರೆತೇ ಹೋಗುತ್ತದೆ ಎಂದ. ಇಂಜೆಕ್ಷನ್ ಸೂಜಿ ಕಂಡರೆ ಈಗಲೂ ಅವರವ್ವನ ಕೈ ಹಿಡಿದುಕೊಳ್ಳುವ ಗಂಡಸು ಆತ.

ಬಳ್ಳಾರಿಯ ಡಾಕ್ಟರಮ್ಮ, ಏನಾದರೂ ಹಾಕಿಕೋ, ಪಕ್ಕದ ಕೋಣೆಯವರು ಜಗಳಕ್ಕೆ ಬರದಿದ್ದರೆ ಸಾಕು ಎಂದು ಒಪ್ಪಿಗೆ ಕೊಟ್ಟಿದ್ದರು.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಹಾಡಲ್ಲ, ಸದ್ದು. ನನ್ನ ಮೊದಲ ಕೂಸು ಹುಟ್ಟಿದಾಗ ಅಳಲಿಲ್ಲ. ಬರುವ ಮೊದಲೇ ಹೋಗಿಬಿಟ್ಟಿತ್ತು. ಆಗ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ, ಮೇಲೆ ಫ್ಯಾನು ತಿರುಗುವುದೊಂದೇ ಕೇಳುತ್ತಿತ್ತು. ಆ ಫ್ಯಾನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಈ ಸಲವೂ ಹಾಗೇ ಆಗುವುದಿದ್ದರೆ ಅದು ನನಗೆ ಕೇಳಿಸಬಾರದು, ಅಷ್ಟೇ ನನ್ನ ಲೆಕ್ಕಾಚಾರ. ಕೊಳಲಾದರೂ ಸೈ, ಡೊಳ್ಳಾದರೂ ಸೈ.

ನಮ್ಮತ್ತೆಯ ಲೆಕ್ಕಾಚಾರವೇ ಬೇರೆ. ಮೊದಲ ಬಸುರಿನಲ್ಲಿ ಮನೆಮಂದಿಯೆಲ್ಲ ನನ್ನ ಹೊಟ್ಟೆಯ ಮುಂದೆ ಕುಳಿತು ಬಾ ಕಂದಾ, ಬಾರೋ ರಾಜಾ ಎಂದು ಕರೆದಿದ್ದೇ ಕರೆದಿದ್ದು. ಅದೇ ತಪ್ಪಾಯಿತು ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಎರಡನೆಯ ಸಲ ನನಗೆ ತಿಂಗಳು ನಿಂತ ದಿನವೇ ಅಪ್ಪಣೆ ಹೊರಡಿಸಿದರು.

"ಕರದೀವಿ ಅಂತ ಬಂತು, ಮಾರಿ ತೋರ್ಸಿ ಹೋತು. ಈ ಸಲ ಯಾರೂ ಬಾ ಅನ್ನಬ್ಯಾಡ್ರಿ. ತಾನಾಗೇ ಬಂದದ್ದು ನಿಲ್ತೈತಿ."

ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ನಮ್ಮತ್ತೆ ಬರೀ ನೀರನ್ನೂ ಊದತೊಡಗಿದರು. ನನ್ನೆದುರಿಗೆ ಯಾರೂ ಯಾರನ್ನೂ ಬಾ ಎನ್ನುವಂತಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ, ರೊಟ್ಟಿ ತಣ್ಣಗಾಗಾಕತ್ತಾವು ಎಂದು ಗೋಡೆಗೆ ಹೇಳುತ್ತಿದ್ದರು. ನೆಂಟರು ಬಾಗಿಲಿಗೆ ಬಂದರೆ ಒಳಗೆ ಕರೆಯದೆ ಸುಮ್ಮನೆ ಚಾಪೆ ಹಾಸುತ್ತಿದ್ದರು. ಬೀಗರು ಒಂದಿಬ್ಬರು ಅದಕ್ಕೆ ಸಿಟ್ಟಾಗಿ ಚಹಾ ಕುಡಿಯದೆ ಎದ್ದು ಹೋದರು. ನನಗೆ ಒಳಗೊಳಗೇ ನಗು ಬರುತ್ತಿತ್ತು. ಆದರೂ ರಾತ್ರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಾಗ ನಾನೂ ಬಾ ಎನ್ನಲಿಲ್ಲ. ಹೆದರಿಕೆಗೆ ಓದು ಬರಹ ಗೊತ್ತಿಲ್ಲ ನೋಡಿ.

ಎಲ್ಲರಿಗಿಂತ ಕಷ್ಟವಾದದ್ದು ನನ್ನ ಗಂಡನಿಗೆ, ಏಕೆಂದರೆ ಅವನ ಅನ್ನವೇ ಬಾ ಎನ್ನುವ ಮಾತಿನಲ್ಲಿತ್ತು. ಅವನದು ಬಟ್ಟೆ ವ್ಯಾಪಾರ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸು ಹೊಲಿಯುವವರ ಹತ್ತಿರ ಸಣ್ಣಪುಟ್ಟ ಐಬಿರುವ ಮಾಲು ಎತ್ತಿ, ಅದರ ಜೊತೆಗೆ ನೈಟಿ, ಮಕ್ಕಳ ಚಡ್ಡಿ ಎಲ್ಲ ಟಂಟಂ ಗಾಡಿಗೆ ಹೇರಿಕೊಂಡು ಸಿರಿಗೇರಿ, ಹಚ್ಚೊಳ್ಳಿ ಎಂದು ಊರೂರು ತಿರುಗುತ್ತಾನೆ. ಗಂಟಲು ಹರಿದುಕೊಳ್ಳುವುದು ಬೇಡವೆಂದು ತನ್ನ ಕೂಗನ್ನು ರೆಕಾರ್ಡ್ ಮಾಡಿ, ಒಂದು ಸ್ಪೀಕರಿನ ಮೆಮೊರಿ ಕಾರ್ಡಿಗೆ ತುಂಬಿಸಿದ್ದ. ಮನೆಯ ಹತ್ತಿರ ಬಂದ ಕೂಡಲೇ ಅದರ ಬಾಯಿ ಮುಚ್ಚಿಸಬೇಕೆಂದು ಅತ್ತೆಯ ಕಟ್ಟಪ್ಪಣೆ. ಅದನ್ನು ಆಫ್ ಮಾಡುವ ಗುಂಡಿ ಎಂದೋ ಕಿತ್ತುಹೋಗಿತ್ತು. ಆ ತೂತಿನೊಳಗೆ ಗಾಡಿಯ ಕೀಲಿಯ ತುದಿ ತೂರಿಸಿ, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತುವ ಕಲೆ ಅವನೊಬ್ಬನಿಗೇ ಗೊತ್ತಿತ್ತು.

ನನ್ನ ಹೆರಿಗೆಗೆ ಹಾಡು ಹಾಡಲು ಬಂದದ್ದು ಇದೇ ಸ್ಪೀಕರು. ಮನೆಯಲ್ಲಿ ಬೇರೆ ಇರಲಿಲ್ಲ.

ಮೊದಲ ಹೆರಿಗೆ ತವರಿನದು, ಎರಡನೆಯದು ಗಂಡನ ಮನೆಯದು. ಹಾಗಾಗಿ ಸಿರುಗುಪ್ಪದಲ್ಲಿ ಬೆಳಿಗ್ಗೆ ನೋವು ಶುರುವಾದಾಗ ನನ್ನ ಜೊತೆ ಹೊರಟವರು ಅತ್ತೆ ಮತ್ತು ಗಂಡ. ಬಳ್ಳಾರಿ ಮುಟ್ಟುವಷ್ಟರಲ್ಲಿ ರಸ್ತೆಯ ಗುಂಡಿಗಳೇ ಅರ್ಧ ಹೆರಿಗೆ ಮಾಡಿಸಿದ್ದವು. ಅತ್ತೆಯನ್ನು ಒಳಗೆ ಬಿಟ್ಟರು, ಗಂಡನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಸ್ಪೀಕರು ನನ್ನ ತಲೆಯ ಹತ್ತಿರದ ಕಿಟಕಿಯಲ್ಲಿ, ಹಾಡುಗಳಿದ್ದ ಮೊಬೈಲು ಅವನ ಜೇಬಿನಲ್ಲಿ. ಬ್ಲೂಟೂತು ದೂರಕ್ಕೆ ಸಿಗುವುದಿಲ್ಲ, ಬೆಂಚು ಬಿಟ್ಟು ಏಳಬೇಡಿ ಎಂದು ಹೇಳಿಯೇ ಒಳಗೆ ಹೋಗಿದ್ದೆ.

ತಂಗಿಯ ಮಾತಿನಂತೆ ಕೊಳಲು ಶುರುವಾಯಿತು. ಊದುವವನಿಗೆ ಅವಸರವೇ ಇರಲಿಲ್ಲ. ಒಂದೇ ಉಸಿರಿನಲ್ಲಿ ಬೆಟ್ಟ ಹತ್ತಿ ಇಳಿಯುತ್ತಿದ್ದ. ನಾನೋ ಇಷ್ಟೇ ಇಷ್ಟು ಉಸಿರೂ ಸಿಗದೆ ಮಂಚದ ಕಬ್ಬಿಣ ಹಿಡಿದು ಒದ್ದಾಡುತ್ತಿದ್ದೆ. ಇವನೊಮ್ಮೆ ಹೆತ್ತು ನೋಡಲಿ, ಆಮೇಲೆ ಊದಲಿ ಎಂದು ಬೈದುಕೊಂಡೆ. ಆದರೂ ಸದ್ದಿತ್ತು, ಫ್ಯಾನು ಕೇಳುತ್ತಿರಲಿಲ್ಲ, ಅಷ್ಟು ಸಾಕಾಗಿತ್ತು.

ಡಾಕ್ಟರಮ್ಮ ಬಂದು, ಹತ್ತಿರವಾಯಿತು, ಇನ್ನು ಉಸಿರು ಹಿಡಿದು ಮುಕ್ಕಬೇಕು ಎಂದರು. ಅದೇ ಹೊತ್ತಿಗೆ ನನ್ನ ಗಂಡ, ಅಪ್ಪನಾಗುವ ಭಾರ ತಾಳಲಾರದೆ, ಎದುರಿನ ಅಂಗಡಿಗೆ ಚಹಾ ಕುಡಿಯಲು ಎದ್ದು ಹೋದ. ಕೊಳಲು ನಿಂತಿತು. ಸ್ಪೀಕರಿನೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಮೊಬೈಲು ತಪ್ಪಿದರೆ ಆ ಯಂತ್ರ ಸುಮ್ಮನಿರುವ ಜಾತಿಯದಲ್ಲ, ತನ್ನೊಳಗಿನ ಕಾರ್ಡಿನಲ್ಲಿ ಇರುವುದನ್ನು ಹಾಡುತ್ತದೆ. ನನ್ನ ಗಂಡನ ದನಿ ಸಂತೆಯ ಎತ್ತರದಲ್ಲಿ ಎದ್ದಿತು.

"ಬರ್ರಿ ಬರ್ರಿ ಬರ್ರಿ, ರಂಡಿ ರಂಡಿ ರಂಡಿ. ಬಳ್ಳಾರಿ ಜೀನ್ಸ್, ಹೆಣ್ಮಕ್ಕಳ ನೈಟಿ, ಮಕ್ಕಳ ಚಡ್ಡಿ. ಹರಿಯಂಗಿಲ್ಲ, ಹೊಲಿಗಿ ಬಿಡಂಗಿಲ್ಲ. ಒಂದ್ಸಲ ಬಂದು ನೋಡಿ ಹೋಗ್ರಿ."

ಸಿಸ್ಟರು ಉಡುಪಿ ಕಡೆಯ ಹುಡುಗಿ, ನಮ್ಮ ಸೀಮೆಗೆ ಹೊಸಬಳು. ರಂಡಿ ಎಂದರೆ ತೆಲುಗಿನಲ್ಲಿ ಬನ್ನಿ ಎಂದರ್ಥ, ಉಳಿದ ಎಲ್ಲ ಕಡೆ ಬೈಗುಳ. ಹೆಂಡತಿ ಹೆರುವಾಗಲೂ ಇಷ್ಟು ಕೆಟ್ಟದಾಗಿ ಬೈಯುವುದಾ ಎಂದು ಅವಳು ಕಣ್ಣರಳಿಸಿ ಅತ್ತೆಯನ್ನು ಕೇಳಿದಳು. ಮಗನ ಮರ್ಯಾದೆಯ ಪ್ರಶ್ನೆ. ಅತ್ತೆ ತಡಮಾಡಲಿಲ್ಲ.

"ಬೈಯಾಕತ್ತಿಲ್ಲ ಬೇ ತಂಗಿ, ತೆಲುಗಿನ್ಯಾಗ ಕರಿಯಾಕತ್ತಾನ."

ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಬಿತ್ತು. ಒಂಬತ್ತು ತಿಂಗಳು ನೆಂಟರನ್ನು ಕಳೆದುಕೊಂಡು ಕಾಪಾಡಿದ ವ್ರತವನ್ನು ಅವರ ಮಗ ಎರಡು ಭಾಷೆಯಲ್ಲಿ ಮುರಿಯುತ್ತಿದ್ದ. ಅತ್ತೆ ಕಿಟಕಿಗೆ ಹಾರಿ, ತುರುಬಿನ ಪಿನ್ನು ಕಿತ್ತು, ಆ ತೂತಿನೊಳಗೆ ಚುಚ್ಚತೊಡಗಿದರು. ಎಲ್ಲಿ ಚುಚ್ಚಿದರೋ ಏನೋ, ದನಿ ಇನ್ನೂ ದೊಡ್ಡದಾಯಿತು.

ಡಾಕ್ಟರಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ. ಮುಕ್ಕು, ಇನ್ನೊಂದು ಸಲ ಮುಕ್ಕು ಎನ್ನುತ್ತಿದ್ದರು. ಸ್ಪೀಕರು ಹರಿಯಂಗಿಲ್ಲ ಎಂದಾಗ ಕತ್ತರಿ ಕೈಯಲ್ಲಿ ಹಿಡಿದೇ, ಹರಿಯುತ್ತೋ ಇಲ್ಲವೋ ನಾ ಹೇಳಬೇಕು ಎಂದು ನಕ್ಕುಬಿಟ್ಟರು. ಆ ನೋವಿನಲ್ಲಿ ನನಗೂ ನಗು ಬಂತು, ಆಣೆ ಮಾಡಿ ಹೇಳುತ್ತೇನೆ. ಅಷ್ಟರಲ್ಲಿ ಕೊನೆಯ ಸಾಲು ಬಂತು. ಒಂದ್ಸಲ ಬಂದು ನೋಡಿ ಹೋಗ್ರಿ.

ಆ ಸಾಲನ್ನು ಮದುವೆಯಾದ ದಿನದಿಂದ ಕೇಳಿದ್ದೇನೆ. ಸಿರುಗುಪ್ಪದ ಎಮ್ಮೆಗಳಿಗೂ ಅದು ಬಾಯಿಪಾಠ. ಅವತ್ತು ಮಾತ್ರ ಅದರ ಅರ್ಥ ನನ್ನ ಎದೆಗೆ ಬಂದು ಬಿತ್ತು. ನನ್ನ ಮೊದಲ ಕೂಸೂ ಹಾಗೇ ಬಂದು ಹೋಗಿತ್ತಲ್ಲವೇ. ನನಗೆ ಎಲ್ಲಿಲ್ಲದ ಭಯವಾಯಿತು, ಭಯದ ಬೆನ್ನಿಗೆ ಸಿಟ್ಟು ಬಂತು. ಮದುವೆಯಾದ ಮೇಲೆ ಮೊದಲ ಸಲ ಗಂಡನನ್ನು, ಅಂದರೆ ಅವನ ಸ್ಪೀಕರನ್ನು, ಏಕವಚನದಲ್ಲಿ ಕರೆದೆ.

"ಹೋಗ್ರಿ ಅನಬ್ಯಾಡಲೇ. ನನ್ ಕೂಸಿಗೆ ಹೋಗ್ರಿ ಅನಬ್ಯಾಡ."

ಆ ಕೂಗಿನ ಜೊತೆಗೇ ಕೂಸು ಹೊರಗೆ ಬಂತು.

ಡಾಕ್ಟರಮ್ಮನ ಬಾಯಿ ಆಡುತ್ತಿತ್ತು, ಏನು ಹೇಳುತ್ತಿದ್ದಾರೋ ತಿಳಿಯಲಿಲ್ಲ. ಕೂಸನ್ನು ಪಕ್ಕಕ್ಕೆ ಒಯ್ದರು. ಅತ್ತಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನೈಟಿ, ಚಡ್ಡಿ, ಬರ್ರಿ ಬರ್ರಿ, ಇಷ್ಟೇ ಕೋಣೆಯ ತುಂಬ. ಸದ್ದು ಬೇಕು ಎಂದು ಹಟ ಹಿಡಿದವಳು ನಾನೇ. ಈಗ ಆ ಸದ್ದು ನಿಲ್ಲಿಸಿ ಎಂದು ಕೈಮುಗಿದು ಬೇಡುತ್ತಿದ್ದವಳೂ ನಾನೇ. ಅತ್ತೆ ಅತ್ತಿತ್ತ ನೋಡಿದವರೇ ಸ್ಪೀಕರನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ, ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ಹಿಡಿದರು. ಅದು ಗುಳುಗುಳು ಎಂದು ಇನ್ನೊಮ್ಮೆ ಕರೆದು ಸತ್ತಿತು.

ಫ್ಯಾನು ಕೇಳಿಸಿತು.

ಅದೇ ಸದ್ದು. ನಾನು ಕಣ್ಣು ಮುಚ್ಚಿಕೊಂಡೆ. ಎಷ್ಟು ಹೊತ್ತೋ ಗೊತ್ತಿಲ್ಲ, ಆಮೇಲೆ ಮೂಲೆಯಿಂದ ಒಂದು ಕೆಮ್ಮು, ಅದರ ಹಿಂದೆಯೇ ಅಪ್ಪನನ್ನು ಮೀರಿಸುವ ಕೂಗು. ನಾನು ಜೋರಾಗಿ ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ನನ್ನತ್ತೆ ಮೊಳಕೈವರೆಗೆ ಒದ್ದೆಯಾಗಿ ಬಚ್ಚಲಿನ ಬಾಗಿಲಲ್ಲಿ ನಿಂತಿದ್ದರು. ಹೆಣ್ಣು ಎಂದು ಸಿಸ್ಟರು ಹೇಳಿದ್ದನ್ನು ಕೇಳಿಸಿಕೊಂಡರೋ ಇಲ್ಲವೋ. ಹತ್ತಿರ ಬಂದು ಕೂಸಿನ ಮುಖ ನೋಡಿದರು.

"ಬಂದೀದಿ. ಇನ್ನ ನಿಂದ್ರವ್ವಾ."

ನನ್ನ ಗಂಡ ಬಂದು ಕೂಸನ್ನು ನೋಡಿ ಅತ್ತ, ಆಮೇಲೆ ಬಕೆಟ್ಟು ನೋಡಿ ಇನ್ನೊಂದು ಸುತ್ತು ಅತ್ತ. ನಾನೇನು ಕೂಗಿದೆ ಎಂಬುದನ್ನು ಅವರವ್ವನೇ ಅವನಿಗೆ ಹೇಳಿರಬೇಕು. ನನ್ನ ಹತ್ತಿರ ಆ ಮಾತು ಅವನು ಎಂದೂ ಎತ್ತಲಿಲ್ಲ.

ಮಗಳಿಗೆ ನಡೆಯಲು ಬಂದ ಮೇಲೆ ಒಂದು ದಿನ ಅವಳನ್ನು ಕರೆದುಕೊಂಡು ನಾನೂ ಟಂಟಂನಲ್ಲಿ ಸಿರಿಗೇರಿಗೆ ಹೋದೆ. ಹೊಸ ಸ್ಪೀಕರು, ಹೊಸ ರೆಕಾರ್ಡು. ಬರ್ರಿ ಬರ್ರಿ ಎಲ್ಲ ಹಾಗೇ ಇತ್ತು, ಹರಿಯಂಗಿಲ್ಲ ಎಂಬ ಸುಳ್ಳೂ ಹಾಗೇ ಇತ್ತು. ಕೊನೆಯ ಸಾಲು ಮಾತ್ರ ಬೇರೆಯಾಗಿತ್ತು. ಒಂದ್ಸಲ ಬಂದು ನಿಂತು ನೋಡ್ರಿ.

ಜೀನ್ಸು ಎಳೆದು ನೋಡುತ್ತಿದ್ದ ಒಬ್ಬ ಹಿರಿಯರು, ಅದೇನಪಾ, ನಿಂತ ನೋಡಬೇಕೇನು, ಕುಂತು ನೋಡಿದ್ರ ಬ್ಯಾಡೇನು ಎಂದು ಚೇಷ್ಟೆ ಮಾಡಿದರು. ನನ್ನ ಗಂಡ ಚಡ್ಡಿಗಳ ರಾಶಿಯ ಮೇಲೆ ಕುಣಿಯುತ್ತಿದ್ದ ಮಗಳನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಹೇಳಿದ.

"ನಿಂತ್ರ ಸಾಕ್ರೀ ಯಜಮಾನ್ರ. ತಗೊಳ್ಳಿಲ್ಲಂದ್ರೂ ನಡಿತೈತಿ."